ಸುಂಕದವನ ಮುಂದೆ ಒಂದು ಲೈಸೆನ್ಸು

ಹುಬ್ಬಳ್ಳಿಯಿಂದ ಹೊರಟು ಕುಂದಗೋಳ, ಸವಣೂರು, ಲಕ್ಷ್ಮೇಶ್ವರ, ಶಿರಹಟ್ಟಿಗಳನ್ನು ಹಾದು ಗದಗ ಸೇರುವುದು ಈಗ ಒಂದು ಬೆಳಗಿನ ಪ್ರಯಾಣ. ದಾರಿಯಲ್ಲಿ ಎಲ್ಲೋ ನಿಂತು ಚಹಾ ಕುಡಿದು ಗಿರ್ಮಿಟ್ ತಿಂದರೂ ಮಧ್ಯಾಹ್ನದ ಊಟಕ್ಕೆ ಗದಗದಲ್ಲಿರಬಹುದು. 1940ರಲ್ಲಿ ಇದೇ ದಾರಿಯಲ್ಲಿ ಮೋಟಾರು ಓಡಿಸಿಕೊಂಡು ಹೋದವನು ಎಷ್ಟು ಸರ್ಕಾರಗಳನ್ನು ದಾಟುತ್ತಿದ್ದ ಎಂದು ಒಮ್ಮೆ ಎಣಿಸಿ ನೋಡೋಣ. ಹುಬ್ಬಳ್ಳಿ ಬ್ರಿಟಿಷರ ಮುಂಬಯಿ ಪ್ರಾಂತ್ಯ. ಅಲ್ಲಿಂದ ಹತ್ತಿರದ ಕುಂದಗೋಳ ಜಮಖಂಡಿಯ ಪಟವರ್ಧನರದು. ಸವಣೂರು ನವಾಬರದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಶಿರಹಟ್ಟಿ ಸಾಂಗ್ಲಿಯದು. ಗದಗ ಮತ್ತೆ ಬ್ರಿಟಿಷರದು. ಒಂದು ಜಿಲ್ಲೆಯಷ್ಟೂ ಅಗಲವಿಲ್ಲದ ನೆಲದಲ್ಲಿ ಕನಿಷ್ಠ ಐದು ಸಲ ದೊರೆ ಬದಲಾಗುತ್ತಿದ್ದ.

ಸಾಹಿತ್ಯ, ಸಂಗೀತದ ಓದುಗರಿಗೆ ಈ ಊರುಗಳ ಹೆಸರು ಬೇರೆ ಕಾರಣಕ್ಕೆ ಗೊತ್ತಿರುತ್ತದೆ. ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಎಂದರೆ ನವಾಬರ ಸೀಮೆಯಲ್ಲಿ ಹುಟ್ಟಿ, ಬ್ರಿಟಿಷರ ಧಾರವಾಡದ ಕಾಲೇಜಿಗೆ ಓದಲು ಹೋದವರು ಅವರು. ಬೇಂದ್ರೆಯವರ ಮನೆತನದ ಹಿರಿಯರು ನೆಲೆಸಿದ್ದ ಶಿರಹಟ್ಟಿ ಸಾಂಗ್ಲಿಯ ದೊರೆಗಳ ಕೈಯಲ್ಲಿತ್ತು. ಗದಗ ಸೀಮೆಯ ಹುಡುಗ ಭೀಮಸೇನ ಜೋಶಿ ಸವಾಯಿ ಗಂಧರ್ವರ ಬಳಿ ಕಲಿಯಲು ಕುಂದಗೋಳಕ್ಕೆ ಹೋದಾಗ ಆತ ಬ್ರಿಟಿಷ್ ಪ್ರದೇಶ ಬಿಟ್ಟು ಜಮಖಂಡಿ ಸಂಸ್ಥಾನದೊಳಗೆ ಕಾಲಿಟ್ಟಿದ್ದ. ಇವರ ಬದುಕಿನ ಕಥೆಗಳನ್ನು ಓದುವಾಗ ಈ ಗಡಿಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಒಂದೇ ಭಾಷೆ, ಒಂದೇ ಕಪ್ಪು ಮಣ್ಣು, ಒಂದೇ ಜೋಳದ ರೊಟ್ಟಿ. ಆದರೆ ಕಾನೂನಿನ ಪುಸ್ತಕದಲ್ಲಿ ಪಕ್ಕದ ಊರಿನವನು ಪರಸ್ಥಳದವನು.

ನನ್ನ ಪಿಎಚ್‌.ಡಿ. ಸಂಶೋಧನೆ ಇಂಥ ಸಣ್ಣ ಸಂಸ್ಥಾನಗಳ ಗಡಿ ಮತ್ತು ಸಂಚಾರದ ಸುತ್ತ ನಡೆದಿದೆ. ನಾನಿರುವುದು ಬೊಮ್ಮನಹಳ್ಳಿಯಲ್ಲಿ, ಹೊಸೂರು ರಸ್ತೆಗೆ ಹತ್ತು ನಿಮಿಷದ ನಡಿಗೆಯಷ್ಟು ದೂರದಲ್ಲಿ. ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಗದಗ ಕಡೆಯ ಒಂದು ಕುಟುಂಬವಿದೆ. ಆ ಮನೆಯ ಯಜಮಾನರು ಕಂಪನಿ ಕೆಲಸದ ಮೇಲೆ ಸ್ವಿಟ್ಜರ್ಲೆಂಡಿಗೆ ಹೊರಟಾಗ, ರಜೆ ದಿನ ಬಾಡಿಗೆ ಕಾರಿನಲ್ಲಿ ಪಕ್ಕದ ಲಿಕ್ಟನ್‌ಸ್ಟೈನ್ ನೋಡಿ ಬರೋಣವೆಂದು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿದರು. ಆ ಪುಸ್ತಿಕೆಯನ್ನು ನನಗೆ ತೋರಿಸಿ, “ಅಲ್ರೀ ಅಕ್ಕಾರ, ನಮ್ಮ ಒಂದು ತಾಲೂಕಿನಷ್ಟೂ ಇಲ್ಲದ ದೇಶಕ್ಕ ಇಷ್ಟೆಲ್ಲಾ ಕಾಗದ ಯಾಕ ಬೇಕ್ರೀ?” ಎಂದರು. ಪ್ರಶ್ನೆ ತಮಾಷೆಯದೇ. ಆದರೆ ಗದಗದವರ ಬಾಯಲ್ಲಿ ಅದನ್ನು ಕೇಳಿದಾಗ, ಅವರ ಊರಿನ ಸುತ್ತ ಒಂದು ಕಾಲಕ್ಕೆ ಎಷ್ಟು ಲಿಕ್ಟನ್‌ಸ್ಟೈನ್‌ಗಳಿದ್ದವು ಎಂಬುದು ನೆನಪಾಗದೆ ಇರಲಿಲ್ಲ. ಸವಣೂರು ಸಂಸ್ಥಾನದ ವಿಸ್ತೀರ್ಣ 70 ಚದರ ಮೈಲಿ, ಎಂದರೆ ಸುಮಾರು 180 ಚದರ ಕಿಲೋಮೀಟರ್. ಲಿಕ್ಟನ್‌ಸ್ಟೈನ್ 160 ಚದರ ಕಿಲೋಮೀಟರ್. ನವಾಬರ ಸೀಮೆಯೇ ಒಂದು ಕೈ ದೊಡ್ಡದು.

ಈ ಪರ್ಮಿಟ್ ಎಂದರೇನು ಎಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು. ಅದು ಹೊಸ ಲೈಸೆನ್ಸಲ್ಲ. ಅದನ್ನು ಪಡೆಯಲು ಯಾರೂ ಎಂಟು ಸುತ್ತಿ ತೋರಿಸಬೇಕಿಲ್ಲ. ನಮ್ಮ ಊರಿನ ಲೈಸೆನ್ಸಿನಲ್ಲಿರುವ ಸಂಗತಿಯನ್ನೇ ಬೇರೆ ಬೇರೆ ಭಾಷೆಗಳಲ್ಲಿ, ಎಲ್ಲರಿಗೂ ಗುರುತು ಸಿಗುವ ಒಂದು ನಮೂನೆಯಲ್ಲಿ ಹೇಳುವ ಪುಸ್ತಿಕೆ ಅದು. ಮೂಲ ಲೈಸೆನ್ಸು ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ನಮ್ಮಲ್ಲಿ ಅದನ್ನು ಕೊಡುವುದು ಆರ್‌ಟಿಒ ಕಚೇರಿ. ಅರ್ಜಿಯ ನಮೂನೆ 4ಎ. ಅವಧಿ ಒಂದು ವರ್ಷ. ವೀಸಾ ಮೊದಲೇ ಕೈಯಲ್ಲಿರಬೇಕೆಂಬ ಷರತ್ತನ್ನು 2021ರ ಜನವರಿಯ ತಿದ್ದುಪಡಿ ತೆಗೆದುಹಾಕಿತು. ರಾಜ್ಯಕ್ಕೊಂದು ಬಣ್ಣ, ರಾಜ್ಯಕ್ಕೊಂದು ಅಳತೆ ಇದ್ದದ್ದನ್ನು ತಪ್ಪಿಸಿ, ಕ್ಯೂಆರ್ ಕೋಡ್ ಸೇರಿಸಿ ದೇಶಕ್ಕೆಲ್ಲ ಒಂದೇ ನಮೂನೆ ಮಾಡಿದ್ದು 2022ರ ಆಗಸ್ಟ್‌ನಲ್ಲಿ. ಹೀಗೆ ನೋಡಿದರೆ ಪರ್ಮಿಟ್ಟಿನ ಒಳಗಿರುವುದು ಒಂದೇ ಒಂದು ವಾಕ್ಯ: ‘ಈತನನ್ನು ನಾವು ಪರೀಕ್ಷಿಸಿದ್ದೇವೆ, ನೀವು ನಂಬಿ.’

ಒಂದು ಸರ್ಕಾರ ಇನ್ನೊಂದಕ್ಕೆ ಹೀಗೆ ಹೇಳುವುದು ಮತ್ತು ಆ ಇನ್ನೊಂದು ಅದನ್ನು ಒಪ್ಪುವುದು ಸಣ್ಣ ಮಾತಲ್ಲ. ಗಡಿಯಲ್ಲಿ ನಿಂತವನ ಕಷ್ಟವನ್ನು ನಮ್ಮ ಹಿರಿಯರು ಒಂದು ಗಾದೆಯಲ್ಲಿ ಹೇಳಿಟ್ಟಿದ್ದಾರೆ: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ. ಸುಂಕದವನು ಕೆಟ್ಟವನೆಂದು ಗಾದೆ ಹೇಳುವುದಿಲ್ಲ. ಅವನಿಗೆ ನಿನ್ನ ಕಥೆ ಬೇಡ, ಅವನ ಲೆಕ್ಕಕ್ಕೆ ಬರುವುದು ಬೇರೆಯೇ ಎನ್ನುತ್ತದೆ ಅಷ್ಟೆ. ಸುಂಕ ನಮ್ಮಲ್ಲಿ ಅಷ್ಟು ಹಳೆಯದು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನೇ ಇದ್ದಾನೆ. ವೃತ್ತಿಯೇ ಹೆಸರಿಗೆ ಅಂಟಿಕೊಂಡಿದೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ ಇಂದು ಬಸ್ ನಿಲ್ದಾಣದ ಹೆಸರು. ಅಲ್ಲಿ ಇಳಿಯುವವರಲ್ಲಿ ಎಷ್ಟು ಜನ ಆ ಪದವನ್ನು ಬಿಡಿಸಿ ಓದುತ್ತಾರೋ!

ಸುಂಕದವನನ್ನು ದಾಟುವ ಉಪಾಯವೂ ಹಳೆಯದೇ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘ ಯಾವ ಒಬ್ಬ ಅರಸನಿಗೂ ಸೇರಿದ್ದಲ್ಲ. ಕರ್ನಾಟಕ, ಆಂಧ್ರ, ತಮಿಳು ನಾಡುಗಳಲ್ಲಿ ಅದರ ಶಾಸನಗಳಿವೆ. ಸುಮಾತ್ರಾ ದ್ವೀಪದ ಬರುಸ್ ಬಳಿ ದೊರೆತ 1088ರ ತಮಿಳು ಶಾಸನವೂ ಐನೂರ್ವರದೇ. ಒಬ್ಬ ವ್ಯಾಪಾರಿ ಕಂಡರಿಯದ ಅರಸನ ಊರಿಗೆ ಕಾಲಿಟ್ಟಾಗ ಅವನ ಬೆನ್ನಿಗಿದ್ದದ್ದು ತನ್ನ ಅರಸನ ಸೈನ್ಯವಲ್ಲ, ಸಂಘದ ಹೆಸರು. ‘ಇವನು ನಮ್ಮವನು, ಇವನ ಮಾತಿಗೆ ನಾವು ಹೊಣೆ’ ಎನ್ನುವ ಹೆಸರು. ಅನೇಕ ದೇಶಗಳಲ್ಲಿ ಇಂದಿಗೂ ಅಂತರರಾಷ್ಟ್ರೀಯ ಪರ್ಮಿಟ್ ಕೊಡುವುದು ಸರ್ಕಾರಿ ಕಚೇರಿಯಲ್ಲ, ಮೋಟಾರು ಸವಾರರ ಸಂಘಗಳು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಸಂಘದ ಮಾತನ್ನು ಅರಸರು ಒಪ್ಪುವ ಈ ಏರ್ಪಾಡಿಗೆ ಐಹೊಳೆಯವರಲ್ಲಿ ಒಂದು ಪೂರ್ವರೂಪವಿತ್ತು.

ಮೋಟಾರು ಬಂದಾಗ ಪ್ರಶ್ನೆ ಹೊಸ ರೂಪ ಪಡೆಯಿತು. ಎತ್ತಿನ ಗಾಡಿ ದಿನಕ್ಕೆ ಒಂದು ಗಡಿ ದಾಟಿದರೆ ಹೆಚ್ಚು. ಮೋಟಾರು ಯುರೋಪಿನಲ್ಲಿ ಬೆಳಗಿನಿಂದ ಸಂಜೆಯೊಳಗೆ ಮೂರು ದೇಶ ದಾಟಬಲ್ಲದು. 1909ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ದೇಶಗಳು ಇದಕ್ಕೊಂದು ಒಪ್ಪಂದ ಮಾಡಿಕೊಂಡವು. ವಾಹನದ ಹಿಂದೆ ದೇಶವನ್ನು ಸೂಚಿಸುವ ಮೊಟ್ಟೆಯಾಕಾರದ ಫಲಕ ಹುಟ್ಟಿದ್ದು ಆಗ. ಉಬ್ಬುತಗ್ಗು, ತಿರುವು, ಕೂಡುರಸ್ತೆ, ರೈಲ್ವೆ ಗೇಟು ಎಂಬ ನಾಲ್ಕೇ ನಾಲ್ಕು ಎಚ್ಚರಿಕೆಯ ಚಿಹ್ನೆಗಳೂ ಅದರಲ್ಲಿದ್ದವು. 1926ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲೇ ಆದ ಎರಡನೆಯ ಒಪ್ಪಂದ ಒಂದು ಮುಖ್ಯ ಕೆಲಸ ಮಾಡಿತು. ವಾಹನದ ಕಾಗದವನ್ನೂ ಚಾಲಕನ ಕಾಗದವನ್ನೂ ಬೇರೆ ಬೇರೆ ಮಾಡಿತು. ಯಂತ್ರದ ಊರು ಬೇರೆ, ಮನುಷ್ಯನ ಕೌಶಲ ಬೇರೆ ಎಂಬ ಈ ತಿಳಿವಳಿಕೆಯಿಂದಲೇ ಇಂದಿನ ಪರ್ಮಿಟ್ ಹುಟ್ಟಿತು. ಮುಂದೆ 1949ರ ಜಿನೀವಾ ಒಪ್ಪಂದ, 1968ರ ವಿಯೆನ್ನಾ ಒಪ್ಪಂದಗಳು ಅದನ್ನು ತಿದ್ದಿ ಬೆಳೆಸಿದವು.

ಆ ಫಲಕದ ಮೇಲಿನ ಅಕ್ಷರಗಳನ್ನು ಗಮನಿಸಬೇಕು. ಸ್ವಾತಂತ್ರ್ಯಕ್ಕೆ ಮೊದಲು ಭಾರತಕ್ಕೆ ಇದ್ದದ್ದು ‘ಬಿ ಐ’. ಎಂದರೆ ಬ್ರಿಟಿಷ್ ಇಂಡಿಯಾ. 1947ರಿಂದ ‘ಐ ಎನ್ ಡಿ’. ಆ ಹಳೆಯ ಎರಡು ಅಕ್ಷರಗಳ ಹೆಸರಿನಲ್ಲಿ ಮೈಸೂರಿಗಾಗಲಿ, ಹೈದರಾಬಾದಿಗಾಗಲಿ, ಸವಣೂರಿಗಾಗಲಿ ಜಾಗವಿರಲಿಲ್ಲ. ಸಂಸ್ಥಾನಗಳ ಹೊರದೇಶದ ವ್ಯವಹಾರವೆಲ್ಲ ಬ್ರಿಟಿಷರ ಕೈಯಲ್ಲಿದ್ದುದರಿಂದ ಯಾವ ಮಹಾರಾಜನೂ ತನ್ನ ಹೆಸರಿನಲ್ಲಿ ಹೊರಗಿನವರೊಡನೆ ಒಪ್ಪಂದಕ್ಕೆ ಸಹಿ ಹಾಕುವಂತಿರಲಿಲ್ಲ. ಎರಡು ಚದರ ಕಿಲೋಮೀಟರಿನ ಮೊನಾಕೊ ಸಹಿ ಹಾಕಬಹುದಿತ್ತು. ಸುಮಾರು 29,000 ಚದರ ಮೈಲಿಯ ಮೈಸೂರು ಹಾಕುವಂತಿರಲಿಲ್ಲ. ನಾಡಿನ ಅಳತೆಗೂ ಅದರ ಮಾತಿನ ತೂಕಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಸ್ವತಂತ್ರ ಭಾರತ 1949ರ ಜಿನೀವಾ ಒಪ್ಪಂದಕ್ಕೆ ಸೇರಿದ್ದು 1962ರಲ್ಲಿ. ಅದೇ ವರ್ಷ ಅದಕ್ಕೆ ಸೇರಿದ ಇನ್ನೊಂದು ದೇಶ ಸ್ಯಾನ್ ಮರಿನೊ, 61 ಚದರ ಕಿಲೋಮೀಟರಿನದು. ಒಪ್ಪಂದದ ಪುಟದಲ್ಲಿ ಇಬ್ಬರಿಗೂ ಒಂದೊಂದೇ ಸಾಲು.

ಬೆಂಗಳೂರಿನವರು ಪುಟ್ಟ ಸಂಸ್ಥಾನ ನೋಡಲು ಸವಣೂರಿನವರೆಗೆ ಹೋಗಬೇಕಿರಲಿಲ್ಲ. ಕಬ್ಬನ್ ಪಾರ್ಕ್ ದಾಟಿದರೆ ಸಾಕಿತ್ತು. 1809ರಲ್ಲಿ ದಂಡು ಬಂದು ನೆಲೆಸಿದ ಜಾಗವನ್ನು, 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬ್ರಿಟಿಷರು ತಮ್ಮ ಕೈಯಲ್ಲೇ ಉಳಿಸಿಕೊಂಡರು. ಅದರ ಹೆಸರು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಹದಿಮೂರು ಚದರ ಮೈಲಿಗಿಂತ ತುಸು ಹೆಚ್ಚಿನ ಆ ನೆಲ ಮೈಸೂರಿನ ಆಡಳಿತದಲ್ಲಿರಲಿಲ್ಲ. ಕಾನೂನಿನ ಸೂಕ್ಷ್ಮದಲ್ಲಿ ಬ್ರಿಟಿಷ್ ಇಂಡಿಯಾ ಕೂಡ ಆಗಿರಲಿಲ್ಲ. ಮಹಾರಾಜರ ನೆಲದ ಮೇಲೆ ರೆಸಿಡೆಂಟರ ಆಳ್ವಿಕೆ. ಬ್ರಿಟಿಷ್ ಭಾರತದ ಕಾಯ್ದೆಗಳನ್ನು ಒಂದೊಂದಾಗಿ ಆದೇಶ ಹೊರಡಿಸಿ ಅಲ್ಲಿಗೆ ಅನ್ವಯಿಸಬೇಕಾಗಿತ್ತು. 1901ರ ಜನಗಣತಿಯಲ್ಲಿ ಪೇಟೆಯ ಬೆಂಗಳೂರಿನ ಜನಸಂಖ್ಯೆ 69,447, ದಂಡಿನದು 89,599. ಇಂದಿನ ಮೊನಾಕೊ, ಸ್ಯಾನ್ ಮರಿನೊ ಎರಡರ ಜನರನ್ನು ಕೂಡಿಸಿದರೂ ಅಂದಿನ ದಂಡಿಗೆ ಸಮನಾಗುವುದಿಲ್ಲ.

ಒಂದೇ ಊರು, ಎರಡು ಪುರಸಭೆ, ಎರಡು ಪೊಲೀಸು, ಎರಡು ಕೋರ್ಟು. ಚಿಕ್ಕಪೇಟೆಯ ವ್ಯಾಪಾರಿ ಬೆಳಗ್ಗೆ ದಂಡಿಗೆ ಹೋಗಿ ಸಂಜೆ ಮರಳಿದರೆ ದಿನಕ್ಕೆ ಎರಡು ಸಲ ಕಾನೂನು ಬದಲಿಸಿದಂತೆ. ಅವನಿಗದು ಗೊತ್ತೂ ಆಗುತ್ತಿರಲಿಲ್ಲ, ಏನಾದರೂ ಜಗಳವಾಗಿ ಠಾಣೆಯ ಮೆಟ್ಟಿಲು ಹತ್ತುವವರೆಗೆ. ದಂಡು ಮೈಸೂರಿಗೆ ಮರಳಿ ಸೇರಿದ್ದು 1947ರಲ್ಲಿ. ಎರಡು ಪುರಸಭೆಗಳು ಕೂಡಿ ಬೆಂಗಳೂರು ಕಾರ್ಪೊರೇಷನ್ ಆದದ್ದು 1949ರಲ್ಲಿ. ಆ ಗಡಿಯನ್ನು ಈಗ ಯಾವ ಫಲಕವೂ ತೋರಿಸುವುದಿಲ್ಲ. ಆದರೆ ‘ಸಿಟಿ ಕಡೆ’, ‘ಕಂಟೋನ್ಮೆಂಟ್ ಕಡೆ’ ಎಂಬ ಮಾತು ಹಳೆಯ ಬೆಂಗಳೂರಿಗರ ಬಾಯಲ್ಲಿ ಇನ್ನೂ ಇದೆ. ಗಡಿ ನೆಲದಿಂದ ಹೋದ ಮೇಲೂ ನಾಲಿಗೆಯ ಮೇಲೆ ಕೆಲಕಾಲ ಉಳಿಯುತ್ತದೆ.

ಪುಟ್ಟ ಸಂಸ್ಥಾನವೆಂದರೆ ಪ್ರವಾಸಿಗೆ ಬರೀ ಕಿರಿಕಿರಿ ಎಂದುಕೊಳ್ಳಬೇಕಿಲ್ಲ. ಸಂಡೂರನ್ನು ನೋಡಿ. ಸುತ್ತ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ನಡುವೆ ಬೆಟ್ಟಗಳ ಕೋಟೆಯೊಳಗೆ ಸುಮಾರು 160 ಚದರ ಮೈಲಿಯ ಘೋರ್ಪಡೆ ಸಂಸ್ಥಾನ. ಆ ಕಣಿವೆಯೊಳಗೆ ದಾರಿ ಬಿಡುವುದು ಓಬಳಗಂಡಿ, ಭೀಮನಗಂಡಿಗಳಂಥ ಬೆಟ್ಟದ ಸಂದುಗಳು. ಮ್ಯಾಂಗನೀಸ್, ಕಬ್ಬಿಣದ ಅದಿರು ಆ ಸಂಸ್ಥಾನದ ಸಂಪತ್ತು. ರಾಮನದುರ್ಗದ ತಂಪು ಬೆಟ್ಟದ ಮೇಲೆ ಬ್ರಿಟಿಷ್ ಸೈನಿಕರ ಆರೋಗ್ಯಧಾಮವಿತ್ತು. ತಿರುವಾಂಕೂರು, ಕೊಚ್ಚಿ, ಪುದುಕ್ಕೋಟೆ, ಬನಗಾನಪಲ್ಲಿಗಳ ಜೊತೆ ಮದ್ರಾಸ್ ಸ್ಟೇಟ್ಸ್ ಏಜೆನ್ಸಿಯ ಐದು ಸಂಸ್ಥಾನಗಳಲ್ಲಿ ಅದೂ ಒಂದು.

ಆ ಸಂಡೂರಿನಲ್ಲಿ 1932ರಲ್ಲಿ, ಯಶವಂತರಾವ್ ಘೋರ್ಪಡೆಯವರ ಆಳ್ವಿಕೆಯಲ್ಲಿ, ಕುಮಾರಸ್ವಾಮಿ ದೇವಸ್ಥಾನದ ಬಾಗಿಲು ದಲಿತರಿಗೆ ತೆರೆಯಿತು. ತಿರುವಾಂಕೂರಿನ ಪ್ರಸಿದ್ಧ ಘೋಷಣೆ ಬಂದದ್ದು 1936ರಲ್ಲಿ. ಇಡೀ ಮದ್ರಾಸ್ ಪ್ರಾಂತ್ಯಕ್ಕೆ ದೇವಸ್ಥಾನ ಪ್ರವೇಶದ ಕಾಯ್ದೆಯಾದದ್ದು 1947ರಲ್ಲಿ. ಬಳ್ಳಾರಿ ಜಿಲ್ಲೆಯಲ್ಲಿ ತನ್ನೂರಿನ ಗುಡಿಯ ಹೊರಗೆ ನಿಲ್ಲಬೇಕಾಗಿದ್ದವನು ಗಂಡಿ ದಾಟಿ ಸಂಡೂರಿಗೆ ಬಂದರೆ ಒಳಗೆ ಹೋಗಬಹುದಿತ್ತು. ಗಡಿ ಎಂದರೆ ತಡೆ ಮಾತ್ರವಲ್ಲ. ಆಚೆ ಇನ್ನೊಂದು ನಿಯಮ ಸಾಧ್ಯ ಎಂಬುದರ ಸಾಕ್ಷಿಯೂ ಹೌದು. ಸಣ್ಣ ನಾಡಿನಲ್ಲಿ ಕೆಟ್ಟ ದೊರೆಯ ಸಿಟ್ಟು ಹೇಗೆ ಬೇಗ ಮನೆಬಾಗಿಲಿಗೆ ಬರುತ್ತದೋ, ಒಳ್ಳೆಯ ನಿರ್ಧಾರವೂ ಹಾಗೆಯೇ ಬೇಗ ಬರುತ್ತದೆ.

ಅಡಗಿಕೊಳ್ಳಬೇಕಾದವರಿಗೂ ಗಡಿ ಆಸರೆಯಾಯಿತು. 1908ರಲ್ಲಿ ಸುಬ್ರಹ್ಮಣ್ಯ ಭಾರತಿ ಬ್ರಿಟಿಷರಿಂದ ತಪ್ಪಿಸಿಕೊಂಡು ಫ್ರೆಂಚರ ಪುದುಚೇರಿ ಸೇರಿದ ಕಥೆ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಅದರ ಜೋಡಿ ಕಥೆ ಮುಂಡರಗಿಯದು. 1947–48ರಲ್ಲಿ ನಿಜಾಮರ ಆಳ್ವಿಕೆಯ ವಿರುದ್ಧ ಹೋರಾಡಿದ ಹೈದರಾಬಾದ್ ಕರ್ನಾಟಕದವರು ಗಡಿಯಾಚೆ ಧಾರವಾಡ ಜಿಲ್ಲೆಯ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರ ಹೂಡಿದರು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿ ಸ್ವಾಮಿಗಳ ನಾಯಕತ್ವವಿತ್ತು. ಕೊಪ್ಪಳದಿಂದ ಮುಂಡರಗಿಗೆ ಇರುವುದು ಕೆಲವೇ ಹರದಾರಿ. ಆದರೆ ಆ ಕೆಲವು ಹರದಾರಿಗಳ ನಡುವೆ ನಾಣ್ಯ ಬೇರೆ, ಸುಂಕ ಬೇರೆ, ಪೊಲೀಸರು ಬೇರೆ. ನಿಜಾಮರ ಹಾಲಿ ಸಿಕ್ಕ ರೂಪಾಯಿ ನಡೆಯದ ಕಡೆ ರಜಾಕಾರರ ಕೈಯೂ ಸುಲಭವಾಗಿ ನಡೆಯುತ್ತಿರಲಿಲ್ಲ.

ಈ ಗಡಿಗಳು ಒಂದೊಂದಾಗಿ ಕರಗಿದವು. 1948ರ ಮಾರ್ಚ್‌ನಲ್ಲಿ ಸವಣೂರು, ಜಮಖಂಡಿ ಮೊದಲಾದ ದಖನ್ನಿನ ಸಂಸ್ಥಾನಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಅದೇ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1949ರಲ್ಲಿ ಸಂಡೂರು ಮದ್ರಾಸಿಗೆ ಹೋಗಿ, 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಬಂತು. 1956ರ ನವೆಂಬರ್ 1ರಂದು ಕನ್ನಡದ ಸೀಮೆಗಳೆಲ್ಲ ಒಂದಾದವು. ಎಲ್ಲವೂ ಅಲ್ಲದಿದ್ದರೂ ಬಹುಪಾಲು. ಏಕೀಕರಣದ ಇತಿಹಾಸ ಬರೆಯುವಾಗ ನಾವು ಸಭೆಗಳನ್ನು, ಭಾಷಣಗಳನ್ನು, ಕವಿತೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಆದರೆ ಏಕೀಕರಣ ಸಾಮಾನ್ಯನ ಅನುಭವಕ್ಕೆ ಬಂದದ್ದು ಬಹುಶಃ ರಸ್ತೆಯ ಮೇಲೆ. ಒಂದೇ ನೋಂದಣಿಯ ಅಕ್ಷರ, ಒಂದೇ ಲೈಸೆನ್ಸು, ಗದಗದ ಬಸ್ಸು ಶಿರಹಟ್ಟಿಗೆ ಹೋಗಲು ಇನ್ನಾವ ದೊರೆಯ ಅಪ್ಪಣೆಯೂ ಬೇಕಿಲ್ಲದ್ದು. ಮೊದಲು ‘ಎಂ ವೈ’, 1989ರ ಕೇಂದ್ರ ನಿಯಮಗಳ ನಂತರ ‘ಕೆ ಎ’. ಊರೊಳಗಿನ ಆಕ್ಟ್ರಾಯ್ ಕಟ್ಟೆಗಳು ಎದ್ದದ್ದು 1979ರಲ್ಲಿ. ರಾಜ್ಯದ ಗಡಿಯಲ್ಲಿನ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳು ಎದ್ದದ್ದು 2017ರಲ್ಲಿ, ಜಿಎಸ್‌ಟಿಯ ಜೊತೆ.

ಇಷ್ಟಾದರೂ ಸುಂಕದವನು ಹೋಗಿಲ್ಲ. ನಮ್ಮ ಬೊಮ್ಮನಹಳ್ಳಿಯ ಹೊಸೂರು ರಸ್ತೆಯ ಮೇಲೆ ಆತ ಕಂಬಗಳ ಮೇಲೇರಿದ್ದಾನೆ. 2010ರಲ್ಲಿ ತೆರೆದ ಮೇಲ್ಸೇತುವೆ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸುಂಕ ಕೊಟ್ಟವರನ್ನು ಮೇಲೆ ಕಳಿಸುತ್ತದೆ; ಉಳಿದವರು ಕೆಳಗೆ ಗಾರ್ಮೆಂಟ್ ಕಾರ್ಖಾನೆಗಳ ವ್ಯಾನುಗಳ ನಡುವೆ ತೆವಳುತ್ತಾರೆ. 2007ರವರೆಗೆ ಬೊಮ್ಮನಹಳ್ಳಿಯೇ ಬೇರೆ ಊರು, ತನ್ನದೇ ನಗರಸಭೆಯಿದ್ದ ಊರು. ಇನ್ನೂ ಮುಂದೆ ಹೋದರೆ ಅತ್ತಿಬೆಲೆ. ಹಿಂದೆ ಅದು ಮೈಸೂರಿನ ಅಂಚು; ಆಚೆ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಯ ಹೊಸೂರು. ಇಂದು ಕರ್ನಾಟಕದ ಅಂಚು, ಆಚೆ ತಮಿಳುನಾಡು. ಹೊಸೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ ಇರುವವರು ದಿನಕ್ಕೆ ಎರಡು ಸಲ ಈ ಗೆರೆ ದಾಟುತ್ತಾರೆ. ಕನ್ನಡ ಮಾತಾಡುವ ಹೊಸೂರಿನವರೂ ಅದರಲ್ಲಿದ್ದಾರೆ.

ಇಲ್ಲಿ 1926ರ ಆ ಹಳೆಯ ವಿಭಾಗ ಮತ್ತೆ ಎದುರಾಗುತ್ತದೆ. ಚಾಲಕನ ಲೈಸೆನ್ಸು ದೇಶವೆಲ್ಲ ನಡೆಯುತ್ತದೆ. ವಾಹನದ ಮಾತು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನ ಪ್ರಕಾರ ಬೇರೆ ರಾಜ್ಯದ ವಾಹನ 12 ತಿಂಗಳು ಮೀರಿ ಉಳಿದರೆ ಹೊಸ ನೋಂದಣಿ ಬೇಕು. ವಿದೇಶಿಯ ಪರ್ಮಿಟ್ಟಿಗೂ ಒಂದು ವರ್ಷ, ಹೊಸೂರಿನವನ ಕಾರಿಗೂ ಒಂದು ವರ್ಷ! 2014ರಲ್ಲಿ ಕರ್ನಾಟಕದ ತೆರಿಗೆ ಕಾನೂನು 30 ದಿನ ಮೀರಿದ ಪರರಾಜ್ಯದ ವಾಹನಗಳಿಂದ ಜೀವಾವಧಿ ತೆರಿಗೆ ಕೇಳಿತು. ಹೈಕೋರ್ಟು 2016ರಲ್ಲಿ ಆ ತಿದ್ದುಪಡಿಯನ್ನು ತಳ್ಳಿಹಾಕಿತು. 2021ರಲ್ಲಿ ಬಂದ ‘ಬಿ ಎಚ್’ ಸರಣಿ ಈ ತೊಡಕನ್ನು ಕೆಲವರಿಗೆ ಬಿಡಿಸಿತು. ಅದು ಸಿಗುವುದು ಕೇಂದ್ರ, ರಾಜ್ಯ ಸರ್ಕಾರಿ ನೌಕರರಿಗೆ, ರಕ್ಷಣಾ ಸಿಬ್ಬಂದಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಗಳಿರುವ ಕಂಪನಿಗಳ ನೌಕರರಿಗೆ. ತರಕಾರಿ ಟೆಂಪೊ ಓಡಿಸುವವನಿಗೆ ಅದು ಸಿಗುವುದಿಲ್ಲ.

ನೋಂದಣಿ ಫಲಕ ತೆರಿಗೆಯ ವಿಷಯವಾಗಿ ಮಾತ್ರ ಉಳಿದಿದ್ದರೆ ಇದನ್ನೆಲ್ಲ ಇಷ್ಟು ಉದ್ದಕ್ಕೆ ಬರೆಯಬೇಕಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿಯ ಗಲಭೆ ಎದ್ದಾಗ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸು, ಲಾರಿಗಳಿಗೆ ಬೆಂಕಿ ಬಿತ್ತು. ಎರಡು ರಾಜ್ಯಗಳ ಬಸ್ಸುಗಳು ಗಡಿಯ ಆಚೆ ಈಚೆ ನಿಂತವು. ಜನ ಗಂಟುಮೂಟೆ ಹೊತ್ತು, ಮಕ್ಕಳ ಕೈಹಿಡಿದು, ಅತ್ತಿಬೆಲೆಯಿಂದ ಆಚೆ ಕಡೆಗೆ ನಡೆದುಕೊಂಡೇ ದಾಟಿದರು. ಆ ದಿನಗಳಲ್ಲಿ ಚಾಲಕನ ಲೈಸೆನ್ಸಿನಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ವಾಹನದ ಹಿಂದಿನ ಎರಡು ಅಕ್ಷರವೇ ಮನುಷ್ಯನ ಜಾತಕವಾಯಿತು. ಯಂತ್ರದ ಊರು ಬೇರೆ, ಮನುಷ್ಯ ಬೇರೆ ಎಂದು 1926ರಲ್ಲಿ ಕಾಗದದ ಮೇಲೆ ಒಪ್ಪಿಕೊಂಡ ಜಗತ್ತು, ತೊಂಬತ್ತು ವರ್ಷಗಳ ನಂತರ ನಮ್ಮ ರಸ್ತೆಯ ಮೇಲೆ ಅದನ್ನು ಮರೆಯಿತು.

ಇನ್ನೊಂದು ನೆನಪು ತಲಪಾಡಿಯದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಮಂಜೇಶ್ವರದ ಗೋವಿಂದ ಪೈಗಳ ಊರು, ಕಯ್ಯಾರ ಕಿಞ್ಞಣ್ಣ ರೈಗಳು ಕರ್ನಾಟಕಕ್ಕೆ ಸೇರಿಸಲು ಬದುಕಿಡೀ ದನಿಯೆತ್ತಿದ ನಾಡು ಅದು. ರಾಜ್ಯ ಯಾವುದಾದರೂ ಆಸ್ಪತ್ರೆಗೆ, ಕಾಲೇಜಿಗೆ ಅಲ್ಲಿನವರು ಬರುವುದು ಮಂಗಳೂರಿಗೆ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಭಯದಿಂದ ಕರ್ನಾಟಕ ಆ ರಸ್ತೆಗಳನ್ನು ಮುಚ್ಚಿತು. ಕೆಲವೆಡೆ ಮಣ್ಣು ಸುರಿದು ಮುಚ್ಚಲಾಯಿತು. ಮಂಗಳೂರಿನ ಚಿಕಿತ್ಸೆಯನ್ನೇ ನಂಬಿದ್ದ ರೋಗಿಗಳು ಗಡಿಯಲ್ಲಿ ತಡೆಯಲ್ಪಟ್ಟರು. ಕೆಲವರು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಸೋಂಕು ತಡೆಯುವ ಹೊಣೆ ಸರ್ಕಾರಕ್ಕಿತ್ತು ಎಂಬುದು ನಿಜ. ಆದರೆ ಆಂಬುಲೆನ್ಸಿನಲ್ಲಿದ್ದವನು ಆ ಗೆರೆಯ ಬಳಿ ಇದ್ದಕ್ಕಿದ್ದಂತೆ ಪರಸ್ಥಳದವನಾದ ಎಂಬುದೂ ಅಷ್ಟೇ ನಿಜ. ಅವನ ಪರವಾಗಿ ‘ಇವನು ನಮ್ಮವನು, ನಂಬಿ’ ಎಂದು ಹೇಳುವ ಒಂದು ಕಾಗದ ಆ ಹೊತ್ತಿಗೆ ಇರಲಿಲ್ಲ.

ನಮ್ಮ ಮೇಲಿನ ಮಹಡಿಯವರು ಕೊನೆಗೆ ಕಾರು ತೆಗೆದುಕೊಳ್ಳಲಿಲ್ಲವಂತೆ. ಸ್ವಿಟ್ಜರ್ಲೆಂಡಿನ ಸಾರ್ಗಾನ್ಸ್ ನಿಲ್ದಾಣದಲ್ಲಿ ರೈಲಿಳಿದು, ಬಸ್ಸು ಹಿಡಿದು ಲಿಕ್ಟನ್‌ಸ್ಟೈನಿನ ರಾಜಧಾನಿ ವಾಡುಟ್ಸ್ ನೋಡಿ ಬಂದರು. ಗಡಿಯಲ್ಲಿ ಯಾರೂ ನಿಲ್ಲಿಸಲಿಲ್ಲ. 1924ರಿಂದ ಆ ಎರಡು ದೇಶಗಳಿಗೆ ಒಂದೇ ಸುಂಕದ ಒಪ್ಪಂದವಿದೆ, ನಾಣ್ಯವೂ ಒಂದೇ. ಸವಣೂರಿಗೆ ಹೋಗುವವರು ಯಲವಿಗಿಯಲ್ಲಿ ರೈಲಿಳಿದು ಬಸ್ಸು ಹಿಡಿಯುವ ಹಾಗೆಯೇ ಇದು. ವ್ಯತ್ಯಾಸವೆಂದರೆ ಸವಣೂರಿನ ಗಡಿ ಅಳಿದುಹೋಗಿ ದಾರಿ ಸುಗಮವಾಯಿತು. ಲಿಕ್ಟನ್‌ಸ್ಟೈನಿನ ಗಡಿ ಉಳಿದುಕೊಂಡೇ ದಾರಿ ಸುಗಮವಾಯಿತು. ಗಡಿ ಇರಬೇಕೋ ಬೇಡವೋ ಎಂಬುದಕ್ಕಿಂತ, ಅದರ ಎರಡು ಕಡೆಯವರು ಪರಸ್ಪರರ ಮಾತನ್ನು ಎಷ್ಟು ನಂಬುತ್ತಾರೆ ಎಂಬುದೇ ದಾಟುವವನಿಗೆ ಮುಖ್ಯ. ಪರ್ಮಿಟ್ ಎಂಬ ಆ ತೆಳ್ಳನೆಯ ಪುಸ್ತಿಕೆಯ ಇತಿಹಾಸ ನನಗೆ ಕಲಿಸಿದ್ದು ಇಷ್ಟನ್ನು.

ನಮ್ಮ ಸಂಸ್ಥಾನಗಳ ದೊರೆಗಳ ವಂಶಾವಳಿ, ದರ್ಬಾರಿನ ಛಾಯಾಚಿತ್ರ, ದತ್ತು ವ್ಯಾಜ್ಯದ ಕಡತ ಹೇಗೋ ಉಳಿದಿವೆ. ಆ ಸೀಮೆಗಳನ್ನು ದಿನವೂ ದಾಟಿದ ಗಾಡಿಯವರ, ಬಸ್ಸಿನವರ, ಸಂತೆಗೆ ಹೋದ ಹೆಂಗಸರ ಕಾಗದಗಳಿಗೆ ಅಂಥ ಭಾಗ್ಯವಿಲ್ಲ. ಸುಂಕದ ರಸೀತಿಯನ್ನು ಯಾರು ಕಾಪಿಡುತ್ತಾರೆ? ಈ ಬರಹ ಓದುವ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ಅಜ್ಜನೋ ಮುತ್ತಜ್ಜನೋ ಮೋಟಾರು, ಲಾರಿ, ಬಸ್ಸು ಓಡಿಸಿದವರಾಗಿದ್ದರೆ ಮನೆಯ ಟ್ರಂಕನ್ನು ಒಮ್ಮೆ ತೆರೆದು ನೋಡಿ. ಬಟ್ಟೆಯ ರಟ್ಟಿನ ಹಳೆಯ ಲೈಸೆನ್ಸು ಪುಸ್ತಕವೋ, ಯಾವುದೋ ಸಂಸ್ಥಾನದ ಮೊಹರಿರುವ ರಸೀತಿಯೋ ಸಿಕ್ಕೀತು. ಸಿಕ್ಕರೆ ಎಸೆಯಬೇಡಿ, ಫೋಟೊ ತೆಗೆದಿಡಿ, ಯಾವ ಊರಿನಿಂದ ಯಾವ ಊರಿಗೆ ಹೋಗಲು ಅದು ಬೇಕಾಗಿತ್ತೆಂದು ಹಿರಿಯರನ್ನು ಕೇಳಿ ಅದರ ಪಕ್ಕದಲ್ಲಿ ಬರೆದಿಡಿ.